ಹೇಳಿದ ಬೆಲೆ

ನಮ್ಮ ಸಂತೆಗಳಲ್ಲಿ ಒಂದು ಪದಾರ್ಥಕ್ಕೆ ಮೂರು ಬೆಲೆ. ಮಾರುವವನು ಹೇಳಿದ್ದು ಒಂದು, ಕೊಳ್ಳುವವನು ಕೇಳಿದ್ದು ಒಂದು, ಕೊನೆಗೆ ಕೈಯಿಂದ ಕೈಗೆ ದಾಟಿದ್ದು ಒಂದು. ಬದನೆಕಾಯಿಯವಳು ಹೇಳುತ್ತಾಳೆ, ನಾವು ಕೇಳುತ್ತೇವೆ. ಇಂಗ್ಲಿಷಿನಲ್ಲಿ ಇದು ತಲೆಕೆಳಗು. ಅಲ್ಲಿ ಬೆಲೆ ಕೇಳುವವನು ಮಾರುವವನೇ. ಮೂವತ್ತೈದು ವರ್ಷಕ್ಕೂ ಮಿಕ್ಕಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಬಾಳಿದರೂ ನನಗೆ ಈ ಮಾತಿನ ಮರ್ಮ ಹತ್ತಿರಲಿಲ್ಲ. ಅದನ್ನು ಬಿಡಿಸಿ ತೋರಿಸಿದ್ದು ನಮ್ಮ ಬೀದಿಯ ಕೊನೆಯ ಮನೆಯೆದುರು ನಿಂತಿರುವ ಒಂದು ಹಳೆಯ ಜಪಾನೀ ಕಾರು.

ಕಾರಿನ ಮೇಲೆ ಅರ್ಧ ಟಾರ್ಪಾಲು, ಟಾರ್ಪಾಲಿನ ಮೇಲೆ ತರಗೆಲೆ. ಮುಂದಿನ ಗಾಜಿನ ಒಳಗಡೆ ಒಂದು ರಟ್ಟು. ಅದರ ಮೇಲೆ ದಪ್ಪ ಅಕ್ಷರದಲ್ಲಿ, 19,000 ಡಾಲರ್. ಸಂಜೆ ತಿರುಗಾಟಕ್ಕೆ ಹೊರಟಿದ್ದ ನಾನು ನಿಂತುಬಿಟ್ಟೆ. ಒಂದು ಸೊನ್ನೆ ಕೈತಪ್ಪಿ ಹೆಚ್ಚು ಬಿದ್ದಿರಬೇಕೆಂದು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಸೊನ್ನೆಗಳು ಅಷ್ಟೇ ಇದ್ದವು.

ನಾನು ಬೆರಗಾದದ್ದಕ್ಕೆ ಕಾರಣವಿದೆ. ಆ ಕಾರಿನ ಒಡಹುಟ್ಟು ಏಳು ವರ್ಷ ನಮ್ಮ ಮನೆಯಲ್ಲಿತ್ತು. ಡಾಟ್ಸನ್ 280 ಝಡ್ಎಕ್ಸ್, 1981ರದು, ನಾಲ್ಕು ಆಸನದ್ದು. 1991ರಲ್ಲಿ 1,800 ಡಾಲರಿಗೆ ಕೊಂಡೆ. 1998ರಲ್ಲಿ 600ಕ್ಕೆ ಒಬ್ಬ ವಿದ್ಯಾರ್ಥಿಗೆ ಮಾರಿದೆ. ನನಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಇರಲಿಲ್ಲ ಎಂದರೆ ಸುಳ್ಳು. ಹುಚ್ಚಿಗೆ ತಕ್ಕ ಹಣ ಇರಲಿಲ್ಲ ಎಂಬುದೇ ನಿಜ.

ಈ ವಂಶದ ಮೂಲಪುರುಷ 240 ಝಡ್. 1969ರಲ್ಲಿ ಜಪಾನಿನಲ್ಲಿ ಹುಟ್ಟಿತು. ಅಲ್ಲಿ ಅದಕ್ಕೆ ಫೇರ್‌ಲೇಡಿ ಎಂದು ಹೆಸರು. ಅಮೆರಿಕದಲ್ಲಿ ಆಗ ನಿಸ್ಸಾನ್ ಕಂಪೆನಿಯ ಮುಖಂಡರಾಗಿದ್ದ ಯುಟಾಕಾ ಕಟಾಯಾಮಾ ಅವರಿಗೆ ಆ ಹೆಸರು ಹಿಡಿಸಲಿಲ್ಲ. ಲಲನೆಯ ಹೆಸರು ಹೊತ್ತ ಕಾರು ಇಲ್ಲಿ ಸಾಗದೆಂದು ಬರಿಯ ಅಂಕಿ ಅಕ್ಷರಗಳಿಂದ ಅದಕ್ಕೆ ಪುನರ್ನಾಮಕರಣ ಮಾಡಿಸಿದರು. ಉದ್ದ ಮೂತಿ, ಆರು ಸಿಲಿಂಡರಿನ ಎಂಜಿನು, ಬೆಲೆ ಸುಮಾರು 3,500 ಡಾಲರು. ಅಂಥ ಚೆಲುವಿನ ಯೂರೋಪಿನ ಕಾರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ತೆರಬೇಕಾಗಿದ್ದ ಕಾಲ, ಜನ ಮುಗಿಬಿದ್ದರು. ಆಮೇಲೆ ದೊಡ್ಡ ಮನೆತನಗಳಿಗೆ ಆಗುವುದೇ ಈ ವಂಶಕ್ಕೂ ಆಯಿತು. ಹತ್ತು ವರ್ಷದೊಳಗೆ ಬೊಜ್ಜು ಬಂತು. 1978ರಲ್ಲಿ ಹೊರಬಿದ್ದ 280 ಝಡ್ಎಕ್ಸ್‌ಗೆ ಮೆತ್ತನೆಯ ಆಸನ, ಮೆತ್ತನೆಯ ನಡೆ, ಒಳಗೆಲ್ಲ ಸುಖಸಾಧನ. ಮಾರಾಟ ಚೆನ್ನಾಗಿಯೇ ಆಯಿತು, ಆದರೆ ರಸಿಕರು ಮೂಗು ಮುರಿದರು. ಇನ್ನು ಹಿಂದೆ ಎರಡು ಗುಬ್ಬಿ ಆಸನ ತೂರಿಸುವುದಕ್ಕಾಗಿ ಚಕ್ರದಿಂದ ಚಕ್ರಕ್ಕೆ 20 ಸೆಂಟಿಮೀಟರು ಎಳೆದು ಉದ್ದ ಮಾಡಿದ ಮಾದರಿಯಂತೂ ಅವರ ಲೆಕ್ಕದಲ್ಲಿ ಕಾರೇ ಅಲ್ಲ. ನನ್ನದು ಅದೇ ಮಾದರಿ. ಮೇಲೆ ಆಟೋಮ್ಯಾಟಿಕ್ ಗೇರು ಬೇರೆ. ಯಾರಿಗೂ ಬೇಡವಾದದ್ದು, ಆದ್ದರಿಂದಲೇ ನನ್ನ ಕೈಗೆ ಎಟುಕಿತು. ಹಿಂದಿನ ಆಸನದಲ್ಲಿ ದೊಡ್ಡವರು ಕುಳಿತರೆ ಮಂಡಿ ಗದ್ದಕ್ಕೆ ತಗಲುತ್ತಿತ್ತು, ನಿಜ. ಆದರೆ ನನ್ನ ಮಗಳಿಗೆ ಆಗ ಮೂರು ವರ್ಷ. ರಸಿಕರು ದೋಷವೆಂದು ಹೇಳಿದ್ದು ಅವಳಿಗೆ ಸಿಂಹಾಸನ.

ಕಾಲ ಹೇಗೆ ತಿರುಗಿತೆಂದು ಎರಡು ಮಾತು ಹೇಳಬೇಕು. ಈ ದೇಶದ 1988ರ ಒಂದು ಕಾನೂನಿನಂತೆ ಹೊರನಾಡಿನ ಕಾರು, 25 ವರ್ಷ ತುಂಬಿದ ಮೇಲೆ, ಇಲ್ಲಿನ ಸುರಕ್ಷತೆಯ ಕಟ್ಟಳೆಗಳ ಹಂಗಿಲ್ಲದೆ ಒಳಗೆ ಬರಬಹುದು. 1989ರಲ್ಲಿ ಹುಟ್ಟಿದ ಸ್ಕೈಲೈನ್ ಜಿಟಿ-ಆರ್ ಎಂಬ ಕಾರಿಗೆ 2014ರಲ್ಲಿ ಆ ವಯಸ್ಸು ಬಂತು. ಅಷ್ಟು ಹೊತ್ತಿಗೆ, 2001ರ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಸಿನಿಮಾವನ್ನು ಬಾಯಿ ಬಿಟ್ಟುಕೊಂಡು ನೋಡಿದ್ದ ಹುಡುಗರೂ ದೊಡ್ಡವರಾಗಿ ಸಂಬಳ ಎಣಿಸುತ್ತಿದ್ದರು. ಆ ಸಿನಿಮಾದ ಒಂದು ಟೊಯೋಟಾ ಸುಪ್ರಾ 2021ರಲ್ಲಿ 5,50,000 ಡಾಲರಿಗೆ ಹೋಯಿತು. ಅದಕ್ಕೆ ಮುಂಚೆ, 2020ರ ಜನವರಿಯಲ್ಲಿ, ಸುಮಾರು 21,000 ಮೈಲಿ ಮಾತ್ರ ಓಡಿದ್ದ ಒಂದು 240 ಝಡ್ ಹರಾಜಿನಲ್ಲಿ 3,10,000 ಡಾಲರು ತಂದಿತು. ಹಿರಿಯಣ್ಣ ಕೈಗೆ ಸಿಕ್ಕದವರು ತಮ್ಮನನ್ನು ಹುಡುಕಿದರು, ತಮ್ಮನೂ ದುಬಾರಿಯಾದಾಗ ದಾಯಾದಿಯನ್ನು. ಹೀಗೆ ಬೆಳಕು ಇಳಿದಿಳಿದು ಕೊನೆಗೆ ನಮ್ಮ ನಾಲ್ಕಾಸನದ ಬಡಪಾಯಿಯ ಮೇಲೂ ಬಿತ್ತು. ಊರಲ್ಲಿ ಮುಖ್ಯರಸ್ತೆಯ ಸೈಟು ಕೋಟಿಗೆ ಹೋಯಿತೆಂದರೆ ಮೋರಿಯ ಪಕ್ಕದ ಸೈಟಿನವನೂ ಮೀಸೆ ತಿರುವುವುದಿಲ್ಲವೆ?

ಮನೆಗೆ ಬಂದು ನನ್ನಾಕೆಗೆ ಹೇಳಿದೆ: "ಆ ಕಾರು ಈಗ ಇದ್ದಿದ್ರೆ ಹತ್ತೊಂಬತ್ತು ಸಾವಿರ ಕಣೇ!"

"ಹತ್ತೊಂಬತ್ತು ಸಾವಿರ ಎಲ್ಲಿರ್ತಿತ್ತು? ಹತ್ತೊಂಬತ್ತು ಸಾವಿರ ಅಂತ ಬರೆದ ರಟ್ಟು ಇರ್ತಿತ್ತು," ಎಂದಳು. "ಅದರ ಹಿಂದೆ ಕಾರು. ಗ್ಯಾರೇಜಿನಲ್ಲಿ ನಂಗೆ ಒಂದು ಸೀರೆ ಒಣಗಿಸೋಕೂ ಜಾಗ ಇರ್ತಿರಲಿಲ್ಲ. ಆರುನೂರು ಬಂತು ಅಂತ ಅವತ್ತು ಕುಣಿದವರು ನೀವೇ ಅಲ್ವೇನ್ರೀ?"

ಕುಣಿದದ್ದು ನಿಜ. ಆದರೂ ಆ ರಾತ್ರಿ ನನಗೆ ಎಂದೂ ಇಲ್ಲದಿದ್ದ 18,400 ಡಾಲರನ್ನು ಕಳೆದುಕೊಂಡ ದುಃಖದಲ್ಲಿ ನಿದ್ರೆ ಹತ್ತಲಿಲ್ಲ.

ಎದುರುಮನೆಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನಿದ್ದಾನೆ. ಹಗಲು ಟೈರಿನ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜಿನಲ್ಲಿ ಮೋಟಾರು ರಿಪೇರಿಯ ಪಾಠ. ಎರಡು ವರ್ಷ ಕೂಡಿಟ್ಟು 4,500 ಡಾಲರು ಮಾಡಿಕೊಂಡಿದ್ದ. ಬಾನೆಟ್ಟು ಎತ್ತಿದರೆ ಎಂಜಿನು ಕಣ್ಣಿಗೆ ಕಾಣುವಂಥ, ಸ್ವಂತ ಕೈಯಿಂದ ಬಿಚ್ಚಿ ಜೋಡಿಸಬಹುದಾದ ಹಳೆಯ ಕಾರು ಅವನಿಗೆ ಬೇಕು. "ಸರ್, ನಿಮ್ಮ ಹತ್ತಿರ ಇಂಥದೇ ಇತ್ತಂತಲ್ಲ. ನೀವು ಜೊತೆಗೆ ಬಂದರೆ ಅವರು ನನ್ನನ್ನು ಹುಡುಗನೆಂದು ಕಳುಹಿಸಿಬಿಡುವುದಿಲ್ಲ," ಎಂದ. ಸಂತೆಯಲ್ಲಿ ಚೌಕಾಶಿ ಮಾಡಿ ಮೂವತ್ತು ವರ್ಷಕ್ಕೆ ಮೀರಿದ್ದ ನಾನು ಉತ್ಸಾಹದಿಂದಲೇ ಹೊರಟೆ.

ಕಾರಿನ ಒಡೆಯರು ಎಂಬತ್ತು ದಾಟಿದ ಮುದುಕರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಕಾರು ನಿಂತೂ ನಾಲ್ಕು ವರ್ಷ. ಹುಡುಗ ನೆಲದ ಮೇಲೆ ಮಲಗಿ ಕಾರಿನ ಅಡಿಯನ್ನೆಲ್ಲ ಟಾರ್ಚು ಹಿಡಿದು ನೋಡಿದ. ಬ್ಯಾಟರಿ ಸತ್ತಿತ್ತು; ಟೈರುಗಳು ಕಲ್ಲಾಗಿದ್ದವು; ತಳದಲ್ಲಿ ಎರಡು ಕಡೆ ತುಕ್ಕು. ಎದ್ದು ಧೂಳು ಕೊಡವಿಕೊಂಡು, ಬಹಳ ವಿನಯದಿಂದ, ಹೊಗೆ ಪರೀಕ್ಷೆಯ ಮಾತೆತ್ತಿದ. ಕ್ಯಾಲಿಫೋರ್ನಿಯದಲ್ಲಿ 1975ರವರೆಗಿನ ಕಾರುಗಳಿಗೆ ಆ ಪರೀಕ್ಷೆಯಿಂದ ಬಿಡುಗಡೆ, ಅನಂತರದವಕ್ಕೆ ಇಲ್ಲ. ಮಾರುವಾಗ ಸರ್ಟಿಫಿಕೇಟು ಒದಗಿಸುವ ಹೊಣೆ ಮಾರುವವನದು. ಮೂಲಪುರುಷ 240 ಝಡ್ ಹೀಗೆ ಪಾರಾಯಿತು. 1982ರ ಈ ಕಾರು ಸಿಕ್ಕಿಕೊಂಡಿತು.

"ನಿಂತಿರುವ ಕಾರಿಗೆ ಹೊಗೆ ಎಲ್ಲಿಯದು?" ಎಂದರು ಮುದುಕರು.

ಅವರು ಒಳಗೆ ಹೋಗಿ ಒಂದು ಮಡಿಚಿದ ಕಾಗದ ತಂದರು. ಅದೇ 3,10,000 ಡಾಲರಿನ ಹರಾಜಿನ ಸುದ್ದಿ. "ನಾನು ಕೇಳುತ್ತಿರುವುದು ಇದರ ಹದಿನಾರರಲ್ಲಿ ಒಂದು ಪಾಲು," ಎಂದರು. ಲೆಕ್ಕ ಸರಿಯಾಗಿತ್ತು. ಅದು ಬೇರೆ ಕಾರು, ಹೆಚ್ಚು ಓಡದ ಕಾರು ಎಂದು ನಾನು ತೊದಲಿದೆ. "ಒಂದೇ ಮನೆತನ ತಾನೆ?" ಎಂದರು. ವಂಶಗೌರವದ ಮಾತಿಗೆ ಉತ್ತರ ಹೇಳುವ ಅಭ್ಯಾಸ ನನಗಿಲ್ಲ.

ಹುಡುಗ 4,500ಕ್ಕೆ ಕೇಳಿದ. ಅವರಿಗೆ ಸಿಟ್ಟು ಬರಲಿಲ್ಲ. ಡ್ಯಾಷ್‌ಬೋರ್ಡಿನ ಗೂಡಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ಅವನ ಕೈಗಿಟ್ಟರು. ಕಾರು ಕೊಂಡವರು ಅವರ ಹೆಂಡತಿ. ತಮ್ಮ ಸಂಬಳದಿಂದ, ಹೊಸದಾಗಿ ಕೊಂಡದ್ದು. ಪೆಟ್ರೋಲು ಹಾಕಿಸಿದ ಪ್ರತಿ ಸಲವೂ ದಿನಾಂಕ, ಮೈಲಿ, ಗ್ಯಾಲನ್ನು, ಎಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಹುಡುಗ ಅದನ್ನು ಪಂಚಾಂಗದಂತೆ ಓದತೊಡಗಿದ. "ಇಲ್ಲಿ ಮೈಲಿ ಒಮ್ಮೆಲೇ ಏರಿದೆ, ಪೆಟ್ರೋಲು ಮೂರು ದಿನದಲ್ಲಿ ಐದು ಸಲ," ಎಂದ. "ಅದು ಅವಳ ತಾಯಿಗೆ ಕಾಯಿಲೆಯಾದಾಗ," ಎಂದರು ಮುದುಕರು. "ಒರೆಗನ್ನಿಗೆ ಒಬ್ಬಳೇ ಓಡಿಸಿಕೊಂಡು ಹೋದಳು." ಹೀಗೆಯೇ ಒಂದು ಗಂಟೆ. ಅವನು ಮೈಲಿ ಕೇಳುತ್ತಾನೆ, ಇವರು ವರ್ಷ ಹೇಳುತ್ತಾರೆ. ಕೊನೆಗೆ ನೋಟ್‌ಬುಕ್ಕನ್ನು ಮತ್ತೆ ಗೂಡಿನಲ್ಲಿಟ್ಟರು. ಬೆಲೆ ಒಂದು ಡಾಲರೂ ಇಳಿಯಲಿಲ್ಲ.

ಮಾರುವವನೂ ಕೇಳುವವನೇ ಎಂಬ ಇಂಗ್ಲಿಷಿನ ಮಾತು ನನಗೆ ಅರ್ಥವಾದದ್ದು ಆಗ. ಅವರು ಕೇಳುತ್ತಿದ್ದರು, ನಿಜವಾಗಿಯೇ ಕೇಳುತ್ತಿದ್ದರು. ಕೊಡುವುದಕ್ಕೆ ನಮ್ಮಲ್ಲಿ ಇರಲಿಲ್ಲ.

ಆದರೂ, ಪಕ್ಷ ಹಿಡಿಯಲೇಬೇಕೆಂದರೆ ನಾನು ಹುಡುಗನ ಪಕ್ಷ. ನನಗೆ ಕಾರು ಮಾರಿದಾತನಿಗೂ ಅದರ ಮೇಲೆ ಪ್ರೀತಿ ಇದ್ದೀತು. ಆದರೆ ಅಂದಿನ ಪೇಟೆ ಅವನ ಪ್ರೀತಿಗೆ ಬೆಲೆ ಕಟ್ಟಲಿಲ್ಲ, ಲಾಭ ನನ್ನದಾಯಿತು. ರಸಿಕರ ತಾತ್ಸಾರ ನನ್ನಂಥವರಿಗೆ ದೊಡ್ಡ ರಿಯಾಯಿತಿಯಾಗಿತ್ತು. ನನ್ನಿಂದ 600ಕ್ಕೆ ಕೊಂಡ ಆ ವಿದ್ಯಾರ್ಥಿಯೂ ಇಂಥ ಹುಡುಗನೇ. ಅಡಿಯಲ್ಲಿ ಮಲಗಿ ಟಾರ್ಚು ಹಿಡಿದೇ ನೋಡಿದ್ದ. ಈಗ ಎಲ್ಲರೂ ರಸಿಕರಾಗಿದ್ದಾರೆ. ಬೇಡವೆಂದು ಬಿಟ್ಟದ್ದು ಎಂಬುದೇ ಪೇಟೆಯಲ್ಲಿ ಉಳಿದಿಲ್ಲ.

ಉಳಿದ ಹಣವನ್ನು ನಾನೇ ಹಾಕಿಬಿಡಲೇ ಎಂದು ದಾರಿಯಲ್ಲಿ ಒಂದು ಯೋಚನೆ ಬಂತು. ಸಾಲವಾಗಿ ಕೊಡಬಹುದಿತ್ತು, ಕೈಲಾಗದ ಮಾತೇನಲ್ಲ. ಹಾಗೆ ಮಾಡಿದರೆ 19,000 ಎಂಬುದು ಹೇಳಿದ ಬೆಲೆಯಾಗಿ ಉಳಿಯದೆ ಕೊಟ್ಟ ಬೆಲೆಯಾಗುತ್ತದೆ, ಇನ್ನೊಂದು ಬೀದಿಯಲ್ಲಿ ಇನ್ನೊಂದು ರಟ್ಟು ಏಳುತ್ತದೆ ಎಂದು ನನಗೆ ನಾನೇ ಅರ್ಥಶಾಸ್ತ್ರ ಹೇಳಿಕೊಂಡೆ. ಅದರಲ್ಲಿ ಅರ್ಧ ಅರ್ಥಶಾಸ್ತ್ರ, ಅರ್ಧ ಜಿಪುಣತನ. ಹುಡುಗನಿಗೆ ಈ ವಿಷಯ ಗೊತ್ತಿಲ್ಲ. ಅವನು ಕನ್ನಡ ಓದುವವನಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

ಅವನು ಒಂದು ತಿಂಗಳಲ್ಲಿ ನಾಲ್ಕು ಬಾಗಿಲಿನ ಸಾಧಾರಣ ಕಾರೊಂದನ್ನು ಕೊಂಡ. ಒಳ್ಳೆಯ ಕಾರು. ಬಾನೆಟ್ಟು ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ.

ಮಳೆಗಾಲ ಬಂದು ಹೋಯಿತು. ಕಳೆದ ವಾರ ಆ ಮನೆಯ ಮುಂದೆ ಹಾದಾಗ ಗಾಜಿನ ಹಿಂದೆ ಹೊಸ ರಟ್ಟು ಕಾಣಿಸಿತು: 19,500. ಮುದುಕರು ಬಾಗಿಲಲ್ಲೇ ಕುಳಿತಿದ್ದರು. ಐನೂರು ಹೆಚ್ಚಿದ್ದು ಏಕೆಂದು ಕೇಳಿದೆ.

"ಈಗ ಸ್ಟಾರ್ಟ್ ಆಗುತ್ತದೆ," ಎಂದರು. "ಆ ಹುಡುಗ ಭಾನುವಾರ ಬಂದು ಹೊಸ ಬ್ಯಾಟರಿ ಹಾಕಿಕೊಟ್ಟ."