ವುಝೂವಿನ ನೀರು, ಕಾಬಾಳೆಯ ಹೂವು

ಶಿರಾ ತಾಲೂಕಿನ ನಮ್ಮ ತಾವರೆಕೆರೆಯ ಹೆಸರಿನಲ್ಲಿ ತಾವರೆಯೂ ಇದೆ, ಕೆರೆಯೂ ಇದೆ. ಆದರೆ ನಾವು ಬೆಳೆದದ್ದು ಕೊಡ ಹಿಡಿದು ಸರದಿಯಲ್ಲಿ ನಿಂತು. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿ ಬತ್ತುವುದು, ಟ್ಯಾಂಕರಿಗಾಗಿ ಕಾಯುವುದು ಈ ಸೀಮೆಯವರಿಗೆ ಹೊಸದಲ್ಲ. ಅಂತಹ ಊರಿನ ಹಿತ್ತಿಲಲ್ಲಿ ನಮ್ಮ ಅಮ್ಮಿ ಕಾಬಾಳೆ ಬೆಳೆಸಿದ್ದರು. ಬಾಳೆಯಂತಹ ಎಲೆ, ಕೆಂಪು ಹಳದಿಯ ಹೂವು.

"ಮುಡಿಯಲೂ ಬಾರದ, ಅಡುಗೆಗೂ ಆಗದ ಗಿಡಕ್ಕೆ ನೀರೇಕೆ ಅಮ್ಮಿ?" ಎಂದು ನಾವು ಕೇಳುತ್ತಿದ್ದೆವು. "ಇದಕ್ಕೆಂದು ಒಂದು ಚೊಂಬು ನೀರನ್ನೂ ನಾನು ಸೇದಿಲ್ಲ ಬೇಟಾ. ನೀವು ವುಝೂ ಮಾಡಿ ಬಿಟ್ಟ ನೀರೇ ಅದರ ಪಾಲು" ಎನ್ನುತ್ತಿದ್ದರು. ವುಝೂ ಮಾಡುವ ಕಲ್ಲುಚಪ್ಪಡಿಯಿಂದ ಗಿಡದ ಬುಡಕ್ಕೆ ಅವರೇ ಕಾಲುವೆ ತೋಡಿದ್ದರು. ನೀರು ನಿಂತರೂ ಕೊಳೆಯದ ಗಡ್ಡೆ ಅದರದು. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಹೆಚ್ಚೆಂದರೆ ಲೀಟರಿನಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಲ್ಲಿಯನ್ನು ಪೂರ್ತಿ ತಿರುಗಿಸಿ ನಿಲ್ಲುವ ನಮಗೆ ಅಮ್ಮಿ ಅದನ್ನು ನೆನಪಿಸದ ದಿನವಿರಲಿಲ್ಲ.

ಹೂವು ಉದುರಿದ ಮೇಲೆ ಮುಳ್ಳುಮುಳ್ಳಾದ ಕಾಯಿ ಒಣಗಿ ಬಿರಿಯುತ್ತದೆ. ಒಳಗೆ ಕರಿಮಣಿಯಂತಹ ಗಟ್ಟಿ ಬೀಜ. ಅಮೆರಿಕ ಖಂಡದಿಂದ ಬಂದ ಈ ಗಿಡಕ್ಕೆ ಲಿನೇಯಸ್ 1753ರಲ್ಲಿ 'ಇಂಡಿಕಾ' ಎಂದು ಹೆಸರಿಟ್ಟ. ಇದರ ಬೀಜಗಳನ್ನು ಪೋಣಿಸಿ ಜಪಮಾಲೆ ಮಾಡುವ ರೂಢಿ ಹಲವು ನಾಡುಗಳಲ್ಲಿದೆ. ಅಮ್ಮಿ ಪೋಣಿಸಲಿಲ್ಲ. 33 ಬೀಜಗಳನ್ನು ಎಣಿಸಿ ತಗಡಿನ ಡಬ್ಬಿಯಲ್ಲಿಟ್ಟಿದ್ದರು. ನಮಾಝಿನ ಬಳಿಕ ಒಂದೊಂದನ್ನೇ ಬಟ್ಟಲಿಗೆ ಹಾಕುತ್ತಾ ತಸ್ಬೀಹ್ ಹೇಳುತ್ತಿದ್ದರು.

ಅವರು ಅಲ್ಲಾಹನ ಕರೆಗೆ ಓಗೊಟ್ಟ ಮರುವರ್ಷ ನಾವು ಹಿತ್ತಿಲಿಗೆ ಸಿಮೆಂಟು ಹಾಕಿಸಿದೆವು. ಗಡ್ಡೆಗಳನ್ನು ಅಗೆದು ಎಸೆದೆವು. ವುಝೂವಿನ ನೀರು ಚರಂಡಿ ಸೇರಿತು. ಕೆಸರಿಲ್ಲ, ಗುಡಿಸುವುದು ಸುಲಭ ಎಂದು ಸಮಾಧಾನಪಟ್ಟೆವು. ದಿನವೂ ಹೂವಿಗೆ ಬರುತ್ತಿದ್ದ ಸೂರಕ್ಕಿ ಬಾರದಾದದ್ದನ್ನು ಕೂಡ ಗಮನಿಸಲಿಲ್ಲ.

ಒಂದು ಶುಕ್ರವಾರದ ಪ್ರವಚನದಲ್ಲಿ ನಾವು ಎಷ್ಟೋ ಬಾರಿ ಕೇಳಿದ್ದ ಮಾತನ್ನೇ ಮತ್ತೆ ಕೇಳಿದೆವು: ವಿಶ್ವಾಸಿಯೊಬ್ಬ ನೆಟ್ಟ ಗಿಡದಿಂದ ಹಕ್ಕಿಯಾಗಲಿ, ಮನುಷ್ಯನಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ. ಎದೆ ಧಸಕ್ಕೆಂದಿತು. ಅಮ್ಮಿಯ ಮಗ್ಫಿರತ್‌ಗಾಗಿ ಪ್ರತಿದಿನ ದುಆ ಮಾಡುತ್ತಿದ್ದ ನಾವೇ ಅವರ ಸದಕಾವನ್ನು ಬೇರು ಸಹಿತ ಕಿತ್ತೆಸೆದಿದ್ದೆವು!

ಉಳಿದಿದ್ದದ್ದು ಡಬ್ಬಿಯೊಂದೇ. ಇಷ್ಟು ಹಳೆಯ ಬೀಜ ಹುಟ್ಟೀತೇ ಎಂಬ ಸಂದೇಹ. ಆದರೆ ಅರ್ಜೆಂಟೀನಾದ ಪ್ರಾಚೀನ ಗೋರಿಯೊಂದರಲ್ಲಿ ದೊರೆತ, ಸುಮಾರು 600 ವರ್ಷ ಹಳೆಯದೆಂದು ನಿರ್ಧರಿಸಲಾದ ಕಾಬಾಳೆಯ ಬೀಜವೂ ಮೊಳೆತದ್ದುಂಟು. ಸತ್ತ ಭೂಮಿಯನ್ನು ಮಳೆಯಿಂದ ಜೀವಂತಗೊಳಿಸುವ ದೃಷ್ಟಾಂತವನ್ನು ಕುರ್‌ಆನ್ ಮತ್ತೆ ಮತ್ತೆ ಮುಂದಿಡುವುದು ನಮ್ಮಂತಹ ಸಂದೇಹಿಗಳಿಗಾಗಿಯೇ ಇರಬೇಕು.

ನಲ್ಲಿಯ ಪಕ್ಕದ ಸಿಮೆಂಟನ್ನು ಒಡೆಸಿದೆವು. ಬೀಜದ ಕರಿಸಿಪ್ಪೆಯನ್ನು ಒಳಗಿನ ಬಿಳುಪು ಕಾಣುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿತ್ತಿದೆವು. 33ರಲ್ಲಿ 19 ಮೊಳೆತವು. ಕಾಲುವೆಯನ್ನು ಈ ಬಾರಿ ನಮ್ಮ ಮಕ್ಕಳು ತೋಡಿದರು. ಅವರಿಗೂ ಅದೇ ಪ್ರಶ್ನೆ: "ಈ ಗಿಡ ಯಾತಕ್ಕೆ?" ಅಮ್ಮಿಯ ಉತ್ತರವನ್ನೇ ಹೇಳಿದೆವು.

ಮೊದಲ ಹೂವು ಅರಳಿದ ವಾರದಲ್ಲೇ ಸೂರಕ್ಕಿ ಬಂತು. ಹೊಸ ಬೀಜಗಳನ್ನು ಆರಿಸಿ ಡಬ್ಬಿಯಲ್ಲಿ ಮತ್ತೆ 33 ತುಂಬಿಸಿದ್ದೇವೆ.

ನಮ್ಮ ಅಜ್ಞಾನವನ್ನು ಅಲ್ಲಾಹನು ಕ್ಷಮಿಸಲಿ. ಅಮ್ಮಿಯ ಖಬರನ್ನು ಪ್ರಕಾಶಮಯಗೊಳಿಸಲಿ. ಆಮೀನ್.