ಮೊದಲು ತೇಲೋದು ಕಲಿಯೋಣ

ಇಂಟರ್ನಲ್ಸ್ ಮುಗಿದ ದಿನ ಹಾಸ್ಟೆಲ್‌ನಲ್ಲಿ ಟ್ರಿಪ್ ಪ್ಲಾನ್ ಆಗದೆ ಇರೋದುಂಟಾ? ಮೈಸೂರಲ್ಲಿ ಓದೋ ನಮಗೆ ಬಲಮುರಿ, ಎಡಮುರಿ ಹತ್ತಿರ. ಜೇಬಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದರೆ ಮುತ್ತತ್ತಿ, ಮೇಕೆದಾಟು. ಗಮನಿಸಿ, ಎಲ್ಲ ಕಡೆಯೂ ಕಾವೇರಿ ಇದ್ದಾಳೆ. ಯಾರ ಬೈಕು, ಊಟ ಎಲ್ಲಿ ಅಂತ ಗ್ರೂಪ್‌ನಲ್ಲಿ ಮೆಸೇಜ್ ಮೇಲೆ ಮೆಸೇಜ್ ಬರುತ್ತೆ. ‘ಯಾರಿಗೆ ಈಜು ಬರುತ್ತೆ?’ ಅನ್ನೋ ಒಂದು ಮೆಸೇಜ್ ಮಾತ್ರ ಬರಲ್ಲ.

ಈ ಸಲ ಬಂತು. ಹನ್ನೊಂದು ಜನರಲ್ಲಿ ಇಬ್ಬರಿಗೆ ಬರುತ್ತಿತ್ತು. ಒಬ್ಬ ಊರಿನ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಕಲಿತವನು. ಇನ್ನೊಬ್ಬಳು ಅಪಾರ್ಟ್‌ಮೆಂಟ್ ಪೂಲ್‌ನಲ್ಲಿ. ಉಳಿದ ಒಂಬತ್ತು ಜನ ನಾವು ಸ್ಕೂಲಲ್ಲಿ ಸ್ವಿಮ್ಮಿಂಗ್ ಅನ್ನೋ ಪದದ ಸ್ಪೆಲ್ಲಿಂಗ್ ಕಲಿತಿದ್ದೆವು, ಅಷ್ಟೇ. ಪ್ರತಿ ಬೇಸಿಗೆ ಪೇಪರ್‌ನಲ್ಲಿ ಬರೋ ಸುದ್ದಿ ನಿಮಗೂ ಗೊತ್ತು: ಒಬ್ಬ ಮುಳುಗುತ್ತಿದ್ದ, ಉಳಿಸೋಕೆ ಹೋದ ಇನ್ನಿಬ್ಬರೂ ಬರಲಿಲ್ಲ. ಹೆಚ್ಚಿನ ಸಲ ಅವರೆಲ್ಲ ನಮ್ಮದೇ ವಯಸ್ಸಿನವರು. ಹಾಗಾಗಿ ಟ್ರಿಪ್ ಮುಂದೂಡಿ, ಒಂಬತ್ತೂ ಜನ ಸಂಜೆ ಬ್ಯಾಚಿನ ಈಜು ಕ್ಲಾಸಿಗೆ ಸೇರಿದೆವು.

ಮೊದಲ ವಾರ ಕೋಚ್ ಸರ್ ಕೈಕಾಲು ಬಡಿಯೋಕೇ ಬಿಡಲಿಲ್ಲ. ‘ಅಂಗಾತ ಮಲಗಿ, ಕಿವಿ ನೀರಲ್ಲಿ ಮುಳುಗಲಿ, ಎದೆ ತುಂಬ ಉಸಿರು ತಗೊಳ್ಳಿ’ ಅನ್ನೋರು. ನಮ್ಮ ಪಕ್ಕದಲ್ಲೇ ಆರು ವರ್ಷದ ಮಕ್ಕಳು ಎಲೆ ಥರ ತೇಲುತ್ತಿದ್ದವು. ನಾವು ಮಾತ್ರ ಕಬ್ಬಿಣದ ಸರಳು.

ಆಮೇಲೆ ಯೋಚಿಸಿದರೆ ಇದು ಆರ್ಕಿಮಿಡಿಸ್ ಪಾಠವೇ. ಎದೆ ತುಂಬ ಗಾಳಿ ಇದ್ದಾಗ ಹೆಚ್ಚಿನವರ ದೇಹದ ಸರಾಸರಿ ಸಾಂದ್ರತೆ ನೀರಿಗಿಂತ ಒಂದು ಚೂರು ಕಡಿಮೆ. ಅಂದ್ರೆ ದೇಹದ ಸ್ವಲ್ಪ ಭಾಗ ಮಾತ್ರ ನೀರಿನ ಮೇಲೆ ಉಳಿಯುತ್ತೆ. ಆ ಸ್ವಲ್ಪ ಭಾಗ ಮೂಗು, ಬಾಯಿ ಆಗಿರಬೇಕು. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿದರೆ ಕೈಗಳ ಭಾರ ಹೊರುವ ನೀರು ಇಲ್ಲ, ತಲೆ ಒಳಗೆ ಹೋಗುತ್ತೆ. ಮುಳುಗುವವರು ಸಿನಿಮಾದ ಹಾಗೆ ‘ಕಾಪಾಡಿ’ ಅಂತ ಕೂಗೋದು ಅಪರೂಪ. ಉಸಿರಾಡೋಕೇ ಆಗದವರು ಕೂಗೋದು ಹೇಗೆ? ಸದ್ದಿಲ್ಲದೆ, ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಪಕ್ಕದಲ್ಲೇ ಸೆಲ್ಫಿ ತೆಗೀತಿರೋರಿಗೂ ಗೊತ್ತಾಗಲ್ಲ.

ಈಜು ಬಂದರೂ ಎಲ್ಲ ನೀರು ಒಂದೇ ಅಲ್ಲ. ಬಲಮುರಿಯಲ್ಲಿ ನಾವು ಫಾಲ್ಸ್ ಅನ್ನೋದು ನಿಜಕ್ಕೂ ಕಾವೇರಿಗೆ ಅಡ್ಡ ಹಾಕಿದ ಕಟ್ಟೆ. ಇಂಥ ಕಟ್ಟೆಗಳ ಮೇಲೆ ನೀರು ರಭಸವಾಗಿ ಹರಿದು ಬಿದ್ದಾಗ ಬುಡದಲ್ಲಿ ಏನಾಗಬಹುದು ಅಂತ ಸಿವಿಲ್‌ನವರನ್ನ ಕೇಳಿ. ಹೈಡ್ರಾಲಿಕ್ ಜಂಪ್ ಅಂತ ಪರೀಕ್ಷೆಗೆ ಬರೆದಿದ್ದಾರೆ. ಮೇಲ್ಪದರದ ನೀರು ಹಿಂದಕ್ಕೆ ಸುರುಳಿ ಸುತ್ತಿ, ಸಿಕ್ಕಿದವರನ್ನ ಮತ್ತೆ ಮತ್ತೆ ಕಟ್ಟೆ ಕಡೆಗೇ ಎಳೆಯುತ್ತೆ. ಗುಳ್ಳೆ ತುಂಬಿದ ನೀರಿಗೆ ಸಾಂದ್ರತೆಯೂ ಕಡಿಮೆ, ಅಲ್ಲಿ ತೇಲೋದೂ ಕಷ್ಟ.

ನಮ್ಮ ಬ್ಯಾಚಲ್ಲಿ ಐವತ್ತು ದಾಟಿದ ಒಬ್ಬ ಅಮ್ಮ ಇದ್ದರು. ಮಗಳ ಮನೆಗೆ ಬಂದವರು ಕ್ಲಾಸಿಗೆ ಸೇರಿದ್ದರು. ‘ಈ ವಯಸ್ಸಲ್ಲಿ ಯಾಕಮ್ಮಾ?’ ಅಂತ ಕೇಳಿದ್ದಕ್ಕೆ, ‘ನಾನೇನ್ ಕಪ್ಪು ಗೆಲ್ಬೇಕಾ ಮಗಾ? ಹೊಲದಲ್ಲಿ ಹೊಂಡ ತೋಡ್ಸವ್ರೆ. ರಜಕ್ಕೆ ಮೊಮ್ಮಕ್ಳು ಬತ್ತವೆ. ಯಾವ್ದಾದ್ರೂ ಜಾರಿ ಬಿದ್ರೆ ದಡದಲ್ ನಿಂತ್ಕಂಡು ಬಾಯ್ ಬಡ್ಕಬೇಕಾ?’ ಅಂದರು.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ತುಂಬ ಕೃಷಿ ಹೊಂಡಗಳಾದವು. ಮಳೆ ನೀರು ಹಿಡಿಯೋಕೆ ಒಳ್ಳೆಯ ಉಪಾಯ. ಆದರೆ ನೀರು ಇಂಗದಿರಲಿ ಅಂತ ಹಾಸೋ ಪ್ಲಾಸ್ಟಿಕ್ ಹಾಳೆ, ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ. ಇಳಿಜಾರು ಬೇರೆ. ಈಜು ಬರೋ ದೊಡ್ಡವರೂ ಹತ್ತಿ ಬರೋದು ಕಷ್ಟ. ಕೋಚ್ ಸರ್ ಆ ಅಮ್ಮನಿಗೆ ಅದನ್ನೇ ಹೇಳಿದರು: ‘ನೀವು ಈಜು ಕಲಿಯೋದಿರಲಿ, ಮೊದಲು ಸುತ್ತ ಬೇಲಿ ಹಾಕಿಸಿ. ನಾಲ್ಕೂ ಕಡೆ ಗೂಟ ಹೊಡೆದು ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಡಿ. ಯಾರಾದರೂ ಬಿದ್ದರೆ ನೀವು ಮಾತ್ರ ಹಾರಬೇಡಿ.’

ಹಾರಬೇಡಿ ಅನ್ನೋದು ನಮಗೆ ಕಷ್ಟದ ಪಾಠ. ಫ್ರೆಂಡ್ ಮುಳುಗುತ್ತಿದ್ದರೆ ನೋಡ್ತಾ ನಿಲ್ಲೋದಾ? ನಿಲ್ಲಬೇಡಿ. ಕೂಗಿ ಜನ ಸೇರಿಸಿ. ದಡದಲ್ಲಿ ಮಲಗಿ ಕೋಲೋ, ದುಪಟ್ಟಾನೋ, ಪಂಚೆನೋ ಚಾಚಿ. ಕೈಗೆ ಎಟುಕದಿದ್ದರೆ ಹಗ್ಗ, ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ. 5 ಲೀಟರಿನ ಖಾಲಿ ಕ್ಯಾನು ಸುಮಾರು 5 ಕೆಜಿ ಭಾರ ಎತ್ತಿ ಹಿಡಿಯುತ್ತೆ. ಎದೆಗವುಚಿಕೊಂಡವರ ಮುಖ ನೀರಿನ ಮೇಲಿರೋಕೆ ಅದು ಸಾಕು. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಅಮುಕಿ ಮೇಲೆ ಬರೋಕೆ ನೋಡುತ್ತಾರೆ; ಆ ಸಿಕ್ಕಿದ್ದು ನೀವಾಗಬಾರದು. ಮೇಲೆ ತಂದ ಮೇಲೆ ಹೊಟ್ಟೆ ಅಮುಕಿ ನೀರು ತೆಗೆಯೋದು, ತಲೆಕೆಳಗು ಮಾಡಿ ತಿರುಗಿಸೋದು ಬೇಡ. ಉಸಿರಿಲ್ಲದಿದ್ದರೆ ಬಾಯಿಂದ ಬಾಯಿಗೆ ಉಸಿರು, ಜೊತೆಗೆ ಎದೆ ಒತ್ತೋದು, 108ಕ್ಕೋ 112ಕ್ಕೋ ಫೋನು.

ಇದನ್ನೆಲ್ಲ ಮಕ್ಕಳಿಗೆ ಕಲಿಸೋಕೆ ದುಬಾರಿ ಪೂಲ್ ಬೇಕೇ ಬೇಕು ಅಂತಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆರೆಯೊಳಗೇ ಬಿದಿರಿನ ಅಟ್ಟಣಿಗೆ, ಕಟಾಂಜನ ಕಟ್ಟಿ ಸಾವಿರಾರು ಮಕ್ಕಳಿಗೆ ಈಜು ಕಲಿಸಿದ್ದಾರೆ. ಶಾಲಾ ಮಕ್ಕಳಿಗೆ ಈಜು ಮತ್ತು ಸುರಕ್ಷಿತವಾಗಿ ಕಾಪಾಡುವ ವಿಧಾನ ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ. ನಮ್ಮ ಹಳ್ಳಿಗಳ ಸೋರೆ ಬುರುಡೆ, ಬೆಂಡು, ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಮೇಲೆ ನಿಂತ ಚಿಕ್ಕಪ್ಪ: ಇವೂ ಅದೇ ಸೇಫ್ಟಿ ಸಿಸ್ಟಮ್. ಬಾವಿ ಬತ್ತಿದವು, ಕಲಿಸೋರು ಪಟ್ಟಣಕ್ಕೆ ಬಂದರು, ಹೊಂಡಗಳು ಮಾತ್ರ ಹೊಸದಾಗಿ ಬಂದವು.

ಎರಡು ತಿಂಗಳಾಯಿತು. ನಮ್ಮಲ್ಲಿ ಏಳು ಜನ ಈಗ ಐದು ನಿಮಿಷ ತೇಲುತ್ತೇವೆ. ಇಬ್ಬರು ಇನ್ನೂ ಗೋಡೆ ಬಿಟ್ಟಿಲ್ಲ, ಬಿಡುತ್ತಾರೆ. ಆ ಅಮ್ಮ ಊರಿಗೆ ಹೋಗಿ ಒಂದು ಫೋಟೋ ಕಳಿಸಿದ್ದಾರೆ. ಹೊಂಡದ ಸುತ್ತ ಬೇಲಿ, ನಾಲ್ಕು ಗೂಟ, ನಾಲ್ಕು ಹಗ್ಗ. ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಇಲ್ಲ ಅಂತ ಒದ್ದಾಡ್ತೀವಲ್ಲ, ಈ ರಜಕ್ಕೆ ಊರಿಗೆ ಹೋದಾಗ ನಿಮ್ಮ ಹೊಲದ ಹೊಂಡಕ್ಕೆ ಹಗ್ಗ ಇದೆಯಾ ಅಂತ ಒಮ್ಮೆ ನೋಡಿ ಬನ್ನಿ.