ಕೊಳವೆಗೆ ಕೇಳಿದ್ದು

ನವೆಂಬರ್ 14, 2024, ಗುರುವಾರ

ಬೆಳಿಗ್ಗೆ ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಹೊರಡಲು ಬೈಕ್ ಸ್ಟಾರ್ಟ್ ಮಾಡಿದರೆ ಇಂಜಿನ್ನಿನ ಮುಂದಿನಿಂದ ಟಿಕ್ ಟಿಕ್ ಶಬ್ದ. ನಿನ್ನೆಯೂ ಇತ್ತೋ ಏನೋ. ಇವತ್ತು ತೋಟದ ತುಂಬ ಮಂಜು, ಒಂದು ಎಲೆಯೂ ಅಲುಗುತ್ತಿರಲಿಲ್ಲ, ಹಾಗಾಗಿ ಕಿವಿಗೆ ಬಿತ್ತು.

ಆಕ್ಸಿಲರೇಟರ್ ತಿರುವಿದರೆ ಟಿಕ್ ಟಿಕ್ ಕೂಡ ಚುರುಕಾಗುತ್ತದೆ. ನ್ಯೂಟ್ರಲ್‌ನಲ್ಲಿ ನಿಂತಾಗಲೂ ಬರುವುದರಿಂದ ಚೈನು, ಚಕ್ರ, ಬ್ರೇಕ್ ಯಾವುದರ ತಪ್ಪೂ ಅಲ್ಲ. ಕ್ಲಚ್ ಹಿಡಿದರೂ ಬಿಟ್ಟರೂ ಅಷ್ಟೇ, ಅಂದರೆ ಕ್ಲಚ್ಚೂ ಅಲ್ಲ. ಸೀರೆ ಗಾರ್ಡ್, ನಂಬರ್ ಪ್ಲೇಟ್, ಲೆಗ್ ಗಾರ್ಡ್ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದು ನೋಡಿದೆ. ಸಡಿಲ ತಗಡು ಇಂಜಿನ್ನಿನ ಹೆಸರು ಕೆಡಿಸುವುದು ಹೊಸತೇನಲ್ಲ. ಆಯಿಲ್ ಮಟ್ಟವೂ ಸರಿ ಇದೆ, ಕಳೆದ ತಿಂಗಳು ಹಾಕಿಸಿದಲ್ಲಿಂದ ಇಳಿದಿಲ್ಲ.

ಬಣಕಲ್ ಮುಟ್ಟುವಷ್ಟರಲ್ಲಿ ಶಬ್ದ ಪೂರ್ತಿ ಮಾಯ. ತಣ್ಣಗಿದ್ದಾಗ ಉಂಟು, ಬಿಸಿಯಾದ ಮೇಲೆ ಇಲ್ಲ. ಇದನ್ನು ಬರೆದಿಟ್ಟುಕೊಳ್ಳಬೇಕು, ಮೆಕ್ಯಾನಿಕ್ ಹತ್ತಿರ ಹೋಗುವಾಗ ಗಾಡಿ ಬಿಸಿಯಾಗಿಯೇ ಇರುತ್ತದಲ್ಲ.

ನವೆಂಬರ್ 17, ಭಾನುವಾರ

ಮೂಡಿಗೆರೆಗೆ ಹೋಗಿ, ಗಾಡಿ ತಣಿಯುವ ತನಕ ಕಾದು, ಆಮೇಲೆ ತೋರಿಸಿದೆ. ಬಸ್ ಸ್ಟ್ಯಾಂಡ್ ಕಡೆಯ ಮೆಕ್ಯಾನಿಕ್ ಎರಡು ಸಲ ರೇಸ್ ಮಾಡಿ, ತೋಟದ ರೈಟರ್ ಆದ ನನಗೆ ತೀರ್ಪು ಕೊಟ್ಟ: “ಬೋರ್ ಹೋಗಿದೆ ರೈಟ್ರೇ. ಹಾಫ್ ಇಂಜಿನ್ ಬಿಚ್ಬೇಕು.” ಎದುರು ಸಾಲಿನವನ ಗೋಡೆಯಲ್ಲಿ ಟೈಮಿಂಗ್ ಚೈನ್ ಕಿಟ್‌ಗಳು ನೇತಾಡುತ್ತಿದ್ದವು. ಅವನಿಗೆ ಇದು ಟೈಮಿಂಗ್ ಚೈನ್. ಟೀ ಅಂಗಡಿಯಲ್ಲಿ ಕೂತಿದ್ದವನೊಬ್ಬ, ಕೇಳದೆಯೇ, ಟ್ಯಾಪೆಟ್ ಅಂದ. ಯಾರಿಗೆ ಯಾವ ರಿಪೇರಿ ಕೈಗೆ ಹತ್ತಿದೆಯೋ ಆ ಕಾಯಿಲೆಯೇ ಅವರ ಕಿವಿಗೆ ಕೇಳುತ್ತದೆ. ಮೂವರೂ ಮೋಸಗಾರರಲ್ಲ. ಆದರೆ “ಯಾವಾಗ ಬರ್ತದೆ?” ಅಂತ ಒಬ್ಬನೂ ಕೇಳಲಿಲ್ಲ.

ಬೋರ್ ಅಂದವನ ಮಾತಿಗೆ ಆಧಾರ ಇಲ್ಲದಿಲ್ಲ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸ್ಲೀವ್ ಕಬ್ಬಿಣ. ತಣ್ಣಗಿದ್ದಾಗ ಸವೆದ ಸ್ಲೀವಿನೊಳಗೆ ಪಿಸ್ಟನ್ ಅತ್ತಿತ್ತ ಬಡಿಯುತ್ತದೆ. ಬಿಸಿಯಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಜಾಗ ತುಂಬಿಕೊಳ್ಳುತ್ತದೆ, ಶಬ್ದ ಅಡಗುತ್ತದೆ. ನನ್ನ ಗಾಡಿಯ ಲಕ್ಷಣಕ್ಕೆ ಅಷ್ಟರಮಟ್ಟಿಗೆ ಹೊಂದುತ್ತದೆ. ಆದರೆ ಬೋರ್ ಅಷ್ಟು ಸವೆದಿದ್ದರೆ ಇಂಜಿನ್ ಆಯಿಲ್ ಕುಡಿಯಬೇಕಿತ್ತು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರಬೇಕಿತ್ತು. ಎರಡೂ ಇಲ್ಲ. ಬಿಚ್ಚಲು ಒಪ್ಪದೆ ಬಂದೆ.

ನವೆಂಬರ್ 18, ಸೋಮವಾರ

ಟ್ಯಾಪೆಟ್ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪಕ್ಕದ ತೋಟದ ಟ್ರ್ಯಾಕ್ಟರ್ ಡ್ರೈವರ್ ಹತ್ತಿರ ಫೀಲರ್ ಗೇಜ್ ಇತ್ತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಪ್ಲಗ್ ತೆಗೆದು, ಮ್ಯಾಗ್ನೆಟ್ ಕವರಿನ ಬಿರಡೆ ಬಿಚ್ಚಿ, T ಗುರುತು ಎದುರಿಗೆ ಬರುವಂತೆ ತಿರುಗಿಸಿದೆ. ಎರಡೂ ರಾಕರ್ ಸಡಿಲ ಇದ್ದರೆ ಅದು ಕಂಪ್ರೆಷನ್ ಕೊನೆ. ಬಿಗಿಯಿದ್ದರೆ ಇನ್ನೊಂದು ಸುತ್ತು.

ನನ್ನ ಗಾಡಿಗೆ ಇನ್‌ಲೆಟ್ 0.05 ಮಿ.ಮೀ., ಎಗ್ಸಾಸ್ಟ್ 0.10. ಎರಡು ಬ್ಲೇಡೂ ಸ್ವಲ್ಪ ಎಳೆತದೊಂದಿಗೆ ಹಾದುಹೋದವು. ಸರಿಯಾಗಿದೆ, ಮುಟ್ಟಲಿಲ್ಲ.

ಶಬ್ದ ನಿಲ್ಲಲಿ ಅಂತ ಟ್ಯಾಪೆಟ್ಟನ್ನು ಗೇಜಿಲ್ಲದೆ ಕೈಯಂದಾಜಿನಲ್ಲಿ ಬಿಗಿ ಮಾಡಿಕೊಡುವವರಿದ್ದಾರೆ. ಗಿರಾಕಿಗೆ ಖುಷಿ. ಆದರೆ ಗ್ಯಾಪ್ ಇಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಗ್ಸಾಸ್ಟ್ ವಾಲ್ವಿನ ಕಾವು ಹೆಚ್ಚಾಗಿ ಹೋಗುವುದೇ ಆ ಸೀಟಿನ ಮೂಲಕ. ಕೂರದಿದ್ದರೆ ಅಂಚು ಸುಡುತ್ತದೆ, ಅದೂ ಸದ್ದಿಲ್ಲದೆ. ಸ್ವಲ್ಪ ಟಕಟಕ ಅನ್ನುವ ಟ್ಯಾಪೆಟ್ಟನ್ನೇ ನಾನು ಹೆಚ್ಚು ನಂಬುತ್ತೇನೆ.

ನವೆಂಬರ್ 20, ಬುಧವಾರ

ಮಗಳ ಸಲಹೆ: “ಅಪ್ಪಾ, ರೆಕಾರ್ಡ್ ಮಾಡಿ ನಿಧಾನ ಮಾಡಿ ಕೇಳಿ.” ಅವಳೇ ಫೋನಿನಲ್ಲಿ ಮಾಡಿಕೊಟ್ಟಳು, ಹತ್ತನೇ ಒಂದರಷ್ಟು ವೇಗಕ್ಕೆ ಇಳಿಸಿ.

ಲೆಕ್ಕ ಹೀಗೆ. ಐಡ್ಲಿಂಗ್‌ನಲ್ಲಿ ಮೀಟರ್ 1400 ತೋರಿಸುತ್ತದೆ, ಕ್ರ್ಯಾಂಕ್ ನಿಮಿಷಕ್ಕೆ ಅಷ್ಟು ಸುತ್ತು. ಫೋರ್ ಸ್ಟ್ರೋಕಿನಲ್ಲಿ ಪೆಟ್ರೋಲ್ ಉರಿಯುವುದು ಎರಡು ಸುತ್ತಿಗೊಮ್ಮೆ, ಕ್ಯಾಮ್ ಸುತ್ತುವುದೂ ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಅಲ್ಲಿಗೆ ನಿಮಿಷಕ್ಕೆ 700, ಸೆಕೆಂಡಿಗೆ ಸುಮಾರು 12 ಹೊಡೆತ. ಬರಿಗಿವಿ ಅಷ್ಟನ್ನು ಬಿಡಿಸಿ ಎಣಿಸಲಾರದು. ಹತ್ತು ಪಾಲು ನಿಧಾನ ಮಾಡಿದರೆ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು, ಬೆರಳಲ್ಲಿ ತಾಳ ಹಾಕಬಹುದು.

ಸೈಲೆನ್ಸರಿನ ಒಂದು ‘ದಬ್’ಗೆ ಒಂದೇ ‘ಟಿಕ್’. ಪ್ರತಿ ಸುತ್ತಿಗೂ ಬಡಿಯುವಂಥದ್ದಾಗಿದ್ದರೆ ಎರಡು ಕೇಳಬೇಕಿತ್ತು. ಹಾಗಾದರೆ ಇದು ವಾಲ್ವಿನ ಕಡೆಯದು, ಇಲ್ಲವೇ ಪೆಟ್ರೋಲ್ ಉರಿಯುವುದಕ್ಕೇ ಅಂಟಿಕೊಂಡದ್ದು. ಬೋರ್ ಇದರಿಂದ ಪೂರ್ತಿ ಪಾರಾಗುವುದಿಲ್ಲ, ಏಕೆಂದರೆ ಪಿಸ್ಟನ್ ಜೋರಾಗಿ ಬಡಿಯುವುದೂ ಆ ಹೊಡೆತಕ್ಕೇ. ಆದರೆ ಟಿಕ್ ಮತ್ತು ದಬ್ ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಬರುತ್ತಿವೆ. ಅಂದರೆ ಎಗ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತು. ಇಲ್ಲಿ ನನಗೆ ಅನುಮಾನ ಹುಟ್ಟಿತು.

ನವೆಂಬರ್ 21, ಗುರುವಾರ

ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳುವುದು ಹಳೆಯ ವಿದ್ಯೆ. ಡಾಕ್ಟರರ ಸ್ಟೆತಾಸ್ಕೋಪಿನ ಬಡ ತಮ್ಮ. ಕ್ರ್ಯಾಂಕ್ ಕೇಸಿಗೆ ಇಟ್ಟರೆ ಒಂದೇ ಸಮನೆ ಗುಂಯ್, ಬೇರಿಂಗ್ ಕೆಟ್ಟಿದ್ದರೆ ಬರುವ ಗರಗರ ಇಲ್ಲ. ಬೋರಿನ ಮೇಲೆ ಮಂದ. ಹೆಡ್ಡಿನ ಮೇಲೆ ಟ್ಯಾಪೆಟ್ಟಿನ ಸಣ್ಣ ಚಟಚಟ. ಬರಿಗಿವಿಗೆ ಅಷ್ಟು ಚೂಪಾಗಿ ಕೇಳುವ ಟಿಕ್ ಮಾತ್ರ ಎಲ್ಲಿ ಇಟ್ಟರೂ ಜೋರಾಗುತ್ತಿಲ್ಲ.

ಆಮೇಲೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹಳೇ ಪೈಪಿನ ತುಂಡೊಂದನ್ನು ಚೆನ್ನಾಗಿ ತೊಳೆದು, ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಇಂಜಿನ್ನಿನ ಸುತ್ತ ಆಡಿಸಿದೆ. ಸೈಲೆನ್ಸರಿನ ಬೆಂಡ್ ಹೆಡ್ಡಿಗೆ ಸೇರುವ ಜಾಗಕ್ಕೆ ಬಂದಾಗ ಕಿವಿಗೆ ಬಾರುಕೋಲಿನಲ್ಲಿ ಹೊಡೆದ ಹಾಗಾಯಿತು! ಸ್ಕ್ರೂಡ್ರೈವರ್ ಲೋಹದ ಸದ್ದನ್ನು ಹೊತ್ತು ತರುತ್ತದೆ, ಕೊಳವೆ ಗಾಳಿಯದ್ದನ್ನು. ಇದು ಲೋಹ ಬಡಿಯುವ ಶಬ್ದವೇ ಅಲ್ಲ. ಹೊಗೆ ಸಂದಿಯಿಂದ ಚಿಮ್ಮುತ್ತಿದೆ.

ಖಾತ್ರಿಗೆ ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಎರಡು ಕ್ಷಣ ಒತ್ತಿದೆ. ಟಿಕ್ ಟಿಕ್ ಇನ್ನೂ ಜೋರಾಯಿತು. ಟಾರ್ಚ್ ಬಿಟ್ಟು ನೋಡಿದರೆ ಫ್ಲೇಂಜಿನ ಕೆಳಗೆ ಕಪ್ಪು ಮಸಿ. ಬಿಸಿಯಾದಾಗ ಶಬ್ದ ಏಕೆ ನಿಲ್ಲುತ್ತಿತ್ತು ಎನ್ನುವುದಕ್ಕೂ ಉತ್ತರ ಸಿಕ್ಕಿತು. ಪೈಪು ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತಿತ್ತು.

ನವೆಂಬರ್ 24, ಭಾನುವಾರ

ಎಗ್ಸಾಸ್ಟ್ ರಿಂಗಿಗೆ ಮೂವತ್ತು ರೂಪಾಯಿ. ಭಯ ಇದ್ದದ್ದು ಸ್ಟಡ್ಡಿನದು. ಮಲೆನಾಡಿನ ಮಳೆ ತಿಂದ ನಟ್ಟು ಅದು, ಜೋರು ಮಾಡಿದರೆ ಸ್ಟಡ್ ಅಲ್ಯೂಮಿನಿಯಂ ಹೆಡ್ಡಿನೊಳಗೇ ಮುರಿದು ಕೂರುತ್ತದೆ. ಮೂವತ್ತು ರೂಪಾಯಿಯ ಕೆಲಸಕ್ಕೆ ಹೆಡ್ ಲೇತಿಗೆ ಹೋಗಬೇಕಾದೀತು. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ಬೆಳಿಗ್ಗೆ ಸ್ವಲ್ಪ ಬಿಚ್ಚುವುದು, ಮತ್ತೆ ಸ್ವಲ್ಪ ಬಿಗಿಯುವುದು, ಹೀಗೆ ಆಡಿಸುತ್ತಾ ಬಿಡಿಸಿದೆ. ಹಳೇ ರಿಂಗಿನ ಒಂದು ಬದಿ ಕರಕಲಾಗಿ ತೆಳ್ಳಗಾಗಿತ್ತು. ಹೊಸದನ್ನು ಕೂರಿಸಿ, ಎರಡು ನಟ್ಟನ್ನೂ ಸರದಿಯ ಮೇಲೆ ಬಿಗಿದೆ. ಒಂದನ್ನೇ ಮೊದಲು ಬಿಗಿದರೆ ಫ್ಲೇಂಜ್ ಓರೆಯಾಗುತ್ತದೆ.

ಸ್ಟಾರ್ಟ್ ಮಾಡಿದೆ. ಟಿಕ್ ಇಲ್ಲ.

ಅದು ಹೋದದ್ದರಿಂದ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳತೊಡಗಿತು. ಎಡಗಡೆ, ರೇಸ್ ಕೊಟ್ಟು ಬಿಟ್ಟಾಗ ಮಾತ್ರ, ಸಣ್ಣಗೆ ಸರಸರ. ಗೋಡೆಗೆ ಕಿಟ್ ನೇತುಹಾಕಿದವನ ಮುಖ ನೆನಪಾಗಿ ನಗು ಬಂತು.

ನವೆಂಬರ್ 30, ಶನಿವಾರ

ಉಜಿರೆಗೆ ಹೋಗುವ ಕೆಲಸವಿತ್ತು. ವಾಪಸು ಬರುತ್ತಾ ಚಾರ್ಮಾಡಿ ಘಾಟಿ ಹತ್ತುವಾಗ ಬೇಕೆಂದೇ ಮೂರನೇ ಗೇರಿನಲ್ಲಿ ಭಾರ ಕೊಟ್ಟು ಕೇಳಿದೆ. ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಸವೆದಿದ್ದರೆ ಇಂಥಲ್ಲೇ ಕೆಳಗಿನಿಂದ ಮಂದವಾಗಿ ಗುದ್ದು ಕೇಳಬೇಕು. ಇಲ್ಲ. ಒಂದು ತಿರುವಿನಲ್ಲಿ ಗೇರ್ ಇಳಿಸದೆ ಗಾಡಿ ಏರಿಸಿದಾಗ ಕಿಣಿಕಿಣಿ ಅಂದಿತು. ಅದು ಸವೆತವಲ್ಲ. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಹಾಕಿದರೆ ಪೆಟ್ರೋಲ್ ಹದ ತಪ್ಪಿ ಉರಿಯುತ್ತದೆ. ಗೇರ್ ಇಳಿಸಿದ ಕೂಡಲೇ ನಿಂತಿತು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಕಾಕನಿಗೆ ತೋರಿಸಿದೆ. ಗಾಡಿ ಮುಟ್ಟುವ ಮೊದಲೇ ಕೇಳಿದರು: “ಎಂತ ಮಾಡುವಾಗ ಬರ್ತದೆ?”

“ರೇಸ್ ಬಿಟ್ಟಾಗ, ಕಾಕ.”

ಎಡಗಡೆ ಕವರಿನ ಮೇಲೆ ಅಂಗೈ ಇಟ್ಟರು. “ಟೈಮಿಂಗ್ ಚೈನೇ. ಈಗಲೇ ಹಾಕ್ಬೇಕಂತ ಇಲ್ಲ ಮಾರಾಯ್ರೆ. ಟೆನ್ಷನರ್ ಬಿಚ್ಚಿ ನೋಡುವ. ಕಡ್ಡಿ ಕೊನೆವರೆಗೆ ಹೊರಗೆ ಬಂದಿದ್ರೆ ಚೈನು ಎಳೆದಿದೆ ಅಂತ ಲೆಕ್ಕ. ಹಲ್ಲು ಹಾರಿದ್ರೆ ಮಾತ್ರ ವಾಲ್ವೂ ಪಿಸ್ಟನ್ನೂ ಗುದ್ದಿಕೊಳ್ತಾವೆ.”

ಬಿಚ್ಚಿದರು. ಕಡ್ಡಿ ಮುಕ್ಕಾಲು ಹೊರಗಿತ್ತು, ಕಾಲು ಬಾಕಿ. ಬದಲಿಸುವುದಾದರೆ ಚೈನಿನ ಜೊತೆ ಗೈಡ್ ಪಟ್ಟಿಗಳನ್ನೂ ಹಾಕಬೇಕಂತೆ, ಚೈನೊಂದನ್ನೇ ಹಾಕಿಕೊಡಲು ಅವರು ಸುತರಾಂ ಒಪ್ಪಲಿಲ್ಲ. ಗಾಡಿ ಎರಡು ದಿನ ಅಲ್ಲೇ ಬಿಡಬೇಕು. ಅರೇಬಿಕಾ ಕೊಯ್ಲು ಶುರುವಾಗಿದೆ, ಸಂಜೆ ಹಣ್ಣು ತೂಗಿ ಲೆಕ್ಕ ಬರೆಯುವವನು ನಾನೊಬ್ಬನೇ, ಈಗ ಗಾಡಿ ಬಿಟ್ಟಿರಲು ಆಗದು. ಫೆಬ್ರವರಿಗೆ ಅಂತ ಹೇಳಿ ಬಂದೆ. ಅಲ್ಲಿಯವರೆಗೆ ಆಯಿಲ್ ಇಳಿಯದಂತೆ ನೋಡಿಕೊಳ್ಳಬೇಕು. ರೇಸ್ ಬಿಟ್ಟಾಗ ಮಾತ್ರ ಬರುವ ಸರಸರ ಐಡ್ಲಿಂಗ್‌ನಲ್ಲೂ ಶುರುವಾದರೆ, ಕೊಯ್ಲಿರಲಿ ಬಿಡಲಿ, ಗಾಡಿ ಕೊಟ್ಟಿಗೆಹಾರಕ್ಕೆ.